ರಂಗೋಲಿ ತುಳಿಯದ ಕಾಲು

ನನ್ನ ರೋಗದ ಮೊದಲ ಸುಳಿವು ಸಿಕ್ಕಿದ್ದು ವಿಶ್ವವಿದ್ಯಾಲಯದ ಮೌಲ್ಯಮಾಪನ ಕೊಠಡಿಯಲ್ಲಿ. ನಿವೃತ್ತನಾದ ಮೇಲೂ ಇತಿಹಾಸದ ಉತ್ತರಪತ್ರಿಕೆಗಳನ್ನು ನೋಡಲು ನನ್ನನ್ನು ಕರೆಯುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ತರುಣ ಲೆಕ್ಚರರ್ ನಾನು ನೋಡಿ ಮುಗಿಸಿದ ಕಟ್ಟನ್ನು ತಿರುವಿಹಾಕಿ, "ಸರ್, ನಿಮ್ಮ ಅಂಕಿ ಇರಿವಿ ಹರದಾಡಿದಂಗ ಕಾಣ್ತಾವ ನೋಡ್ರಿ. ಕೆಳಗ ಕೆಳಗ ಹೋದಂಗ ಇರಿವಿ ಮರಿ ಆಗ್ಯಾವ," ಎಂದ. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ದಿನಚರಿ ತೆಗೆದು ನೋಡಿದೆ. ಸಾಲು ಶುರುವಾಗುವಾಗ ಒಂದು ಗಾತ್ರದ ಅಕ್ಷರ, ಮುಗಿಯುವಾಗ ಅದರ ಅರ್ಧ. ಕಾಗದ ಉಳಿಸುವ ಚಟವೆಂದು ನಾನೇ ಅದಕ್ಕೊಂದು ಕಾರಣ ಕಟ್ಟಿಕೊಂಡಿದ್ದೆ. ಆ ಹುಡುಗನಿಗಿಂತ ಮೊದಲೇ ತಾನು ಹೇಳಿದ್ದೆ ಎನ್ನುತ್ತಾಳೆ ಅಕ್ಕ. ನನಗೆ ನೆನಪಿಲ್ಲ. ನೆನಪು ಮೋಸ ಮಾಡುತ್ತದೆಂದೇ ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯತೊಡಗಿದ್ದು. ಈಗ ಬರೆದದ್ದು ನನಗೇ ಓದಲು ಬಾರದು. ಹೀಗಾಗಿ ಇಲ್ಲಿರುವುದರಲ್ಲಿ ಸ್ವಲ್ಪ ದಿನಚರಿಯದು, ಸ್ವಲ್ಪ ಅಕ್ಕನ ಬಾಯಿಯದು, ಉಳಿದದ್ದು ನಾನೇ ಪೂರ್ತಿ ನಂಬದ ನನ್ನ ನೆನಪಿನದು. ಇದೇ ಬೇನೆ ಹತ್ತಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಔಷಧದ ಸಂಗತಿಯನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ನಾನು ಹೇಳಬಲ್ಲದ್ದು ಬೆಂಚಿನ ಮೇಲೆ ಕಾಯ್ದದ್ದು, ಬಾಗಿಲಲ್ಲಿ ನಿಂತುಬಿಟ್ಟದ್ದು, ಇಷ್ಟೆ.

ನಾವಿರುವುದು ಇಬ್ಬರೇ. ಗೋದಾವರಿ ಅಕ್ಕ ನನಗಿಂತ ದೊಡ್ಡವಳು. ನನ್ನಂತೆ ಅವಳಿಗೂ ಮಕ್ಕಳಿಲ್ಲ. ಗಂಡ ತೀರಿದ ಮೇಲೆ ನನ್ನ ಮನೆಗೆ ಬಂದಳು. ಕೆಲವು ವರ್ಷಕ್ಕೆ ನನ್ನ ಹೆಂಡತಿ ತೀರಿದಳು. ಆಮೇಲೆ ಕಲಬುರಗಿಯ ಐವಾನ್-ಎ-ಶಾಹಿ ಕಡೆ ಒಂದು ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಅಕ್ಕ, ತಮ್ಮ ಉಳಿದೆವು. ನಮ್ಮಿಬ್ಬರಿಗಿಂತ ಚಿಕ್ಕವನಾದ ತಮ್ಮ ವಸಂತ ಪುಣೆಯಲ್ಲಿ ಬ್ಯಾಂಕಿನಲ್ಲಿದ್ದ. ನಮ್ಮ ಮನೆಗಳಲ್ಲಿ ಮರಾಠಿ, ಕನ್ನಡ ಎರಡೂ ಕಲಸಿಕೊಂಡಿರುವುದರಿಂದ ಅವನು ನನಗೆ ಅಣ್ಣ ಎನ್ನದೆ ದಾದಾ ಎನ್ನುತ್ತಾನೆ.

ವೈದ್ಯರ ದವಾಖಾನೆ ಊರ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿತ್ತು. ಕೆಳಗೆ ಆಟೋಗಳ ಹಾರ್ನು, ಮೇಲೆ ಉದ್ದನೆಯ ಕಟ್ಟಿಗೆಯ ಬೆಂಚು. ಅಲ್ಲಿ ಕೂತ ದಿನ ನನ್ನ ಬಲಗೈ ತನ್ನಷ್ಟಕ್ಕೆ ತಾನು ಗುಳಿಗೆ ಉರುಳಿಸುವಂತೆ ಆಡುತ್ತಿತ್ತು. ಎದುರಿನ ಹೆಂಗಸು ಅದನ್ನು ನೋಡಿ ತನ್ನ ಕೂಸನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿದಳು. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಆಗ ಕಾಲು ಶುರುವಾಯಿತು. ಪಕ್ಕದಲ್ಲಿದ್ದ ಆಳಂದದ ರೈತರೊಬ್ಬರು ಏನೂ ಕೇಳದೆ ತಮ್ಮ ಭಾರವಾದ ಬಟ್ಟೆ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, "ಜರಾ ಹಿಡೀರಿ ಸಾಹೇಬ್ರ, ನೀರು ಕುಡದು ಬರ್ತೇನಿ," ಎಂದು ಹೋದರು. ಚೀಲದ ಭಾರಕ್ಕೆ ಕೈ, ಕಾಲು ಎರಡೂ ಸುಮ್ಮನಾದವು. ಅವರು ಬಹಳ ಹೊತ್ತು ಬರಲಿಲ್ಲ. ನನಗಾಗಿಯೇ ಹಾಗೆ ಮಾಡಿದರೋ, ನಿಜಕ್ಕೂ ನೀರಡಿಸಿತ್ತೋ, ನನಗೆ ಇಂದಿಗೂ ತಿಳಿಯದು.

ವೈದ್ಯರು ನನ್ನ ಹೆಸರನ್ನು ಮೇಲಿಂದ ಮೇಲೆ ಬರೆಸಿದರು, ಹೆಬ್ಬೆರಳಿಗೆ ತೋರುಬೆರಳು ಬಡಿಸಿದರು, ಹೊರಗಿನ ಪಡಸಾಲೆಯಲ್ಲಿ ಹೋಗಿಬರಲು ಹೇಳಿದರು. ಆಮೇಲೆ ಪಾರ್ಕಿನ್ಸನ್ ಎಂಬ ಹೆಸರು ಹೇಳಿದರು. "ಸರ್, ಇದು ಬಂದು ಹೋಗೂ ಬ್ಯಾನಿ ಅಲ್ರಿ. ಇದರ ಕೂಡ ಇರೂದು ರೂಢಿ ಮಾಡ್ಕೋಬೇಕು."

ಅಕ್ಕ ಕೇಳಿದಳು, "ಪಥ್ಯ ಏನ್ರಿ ಡಾಕ್ಟರ?"

"ಅಂಥಾದ್ದೇನಿಲ್ಲ ಅಮ್ಮಾ. ಗುಳಿಗಿ ಊಟಕ್ಕಿಂತ ಮೊದಲು ತಗೋಬೇಕು, ಅಷ್ಟ."

"ಬದನಿಕಾಯಿ?"

"ತಿನ್ನಲಿ."

ಮೆಟ್ಟಿಲಿಳಿಯುವಾಗ ಅಕ್ಕ ಹೇಳಿದಳು, "ಇವರಿಗೇನೂ ತಿಳಿದಂಗ ಕಾಣೂದಿಲ್ಲ, ರಾಘ್ಯಾ. ಪಥ್ಯ ಇಲ್ಲದ ರೋಗ ಎಲ್ಲ್ಯರ ಇರ್ತದೇನು?"

ಗುಳಿಗೆ ಹಿಡಿಯಿತು. ತೆಗೆದುಕೊಂಡು ಸ್ವಲ್ಪ ಹೊತ್ತಿಗೆ ಯಾರೋ ಮೈಯ ಗಂಟುಗಳನ್ನು ಬಿಚ್ಚಿದಂತಾಗುತ್ತಿತ್ತು. ಕೆಲವು ತಾಸು ನಾನು ಮೊದಲಿನ ಮನುಷ್ಯ. ಆಮೇಲೆ ಮತ್ತೆ ಗಂಟು. ಈ ಬೇನೆಯವರ ದಿನ ಇಡಿಯಾಗಿ ಇರುವುದಿಲ್ಲ. ಬಿಸಿಲು, ಮೋಡ ಬಂದುಹೋಗುವ ಹೊಲದಂತೆ ತುಂಡುತುಂಡಾಗಿರುತ್ತದೆ. ಮೋಡದ ಹೊತ್ತಿನಲ್ಲಿ ನಾನು ಕೂತಲ್ಲಿ ಕೂರಲಾರೆ, ಎದ್ದರೆ ನಡೆಯಲಾರೆ. ಓದಿದ ಸಾಲನ್ನೇ ಓದುತ್ತಿದ್ದೆ. ಕಿಟಕಿ ತೆಗೆಸುತ್ತಿದ್ದೆ, ಹಾಕಿಸುತ್ತಿದ್ದೆ. ಅಕ್ಕ ಹೈರಾಣಾದಳು.

ಅಂಥ ಒಂದು ಹೊತ್ತಿನಲ್ಲಿ ಮಹಡಿಯ ಮೆಟ್ಟಿಲ ಮೇಲಿಂದ ಬಿದ್ದೆ. ಎಲುಬು ಮುರಿಯಲಿಲ್ಲ. ಮುಖದ ಒಂದು ಬದಿ ನೇರಳೆಯಾಯಿತು. ಪುಣೆಯಿಂದ ವಸಂತ ಬಂದ. ಎರಡು ದಿನ ನನ್ನ ಮುಖವನ್ನೇ ನೋಡಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತ ಶುರುಮಾಡಿದ. ಪುಣೆಯ ಹೊರಗೆ ಒಂದು ವೃದ್ಧಾಶ್ರಮ ನೋಡಿದ್ದಾನೆ. ಸ್ವಚ್ಛ ಇದೆ, ನರ್ಸ್ ಇದ್ದಾರೆ, ನಮ್ಮವರದೇ ಅಡುಗೆ. ನನಗಾಗಿ ಜಾಗ ಹಿಡಿದಿಡಲು ಹೇಳಿದ್ದಾನೆ. ಅಕ್ಕ ಅವನ ಫ್ಲಾಟಿನಲ್ಲಿ ಇರಬಹುದು.

"ಅವನ ಕೂಡ ನನ್ನನ್ನೂ ಅಲ್ಲೇ ಇಡು," ಎಂದಳು ಅಕ್ಕ.

"ಹ್ಯಾಂಗಾಗ್ತದ ಅಕ್ಕಾ? ಹೆಣ್ಣಮಕ್ಕಳದು ಬ್ಯಾರೆ ಕಟ್ಟಡ. ಅಲ್ಲದ ನಿನಗೇನಾಗ್ಯದ, ಆಶ್ರಮಕ್ಕ ಹೋಗಲಿಕ್ಕೆ? ಮಂದಿ ಏನಂತಾರ ನನಗ?"

ವಸಂತ ಕೆಟ್ಟವನಲ್ಲ. ಅವನಿಗೆ ರಜೆ ಸಿಗುವುದು ಕಷ್ಟ, ಪ್ರತಿ ಸಲ ಫೋನ್ ಬಡಿದಾಗ ಎದೆ ಹಾರುತ್ತದೆ ಎಂದ. ಅದೂ ನಿಜವೇ. ನನ್ನ ಬಾಯಿಂದ ಹೌದು ಎಂಬ ಮಾತು ಬಂದಿತ್ತೆಂದು ಅಕ್ಕ ಹೇಳುತ್ತಾಳೆ. ನಾನು ಸುಮ್ಮನಿದ್ದೆ ಎಂದು ನನ್ನ ನೆನಪು. ನಮ್ಮ ಮನೆಯಲ್ಲಿ ಅವೆರಡೂ ಒಂದೇ.

ಕಮಲಾಪುರದ ಸಂಗತಿ ತೆಗೆದವರು ವೈದ್ಯರು. ಆ ಊರಿನ ಒಂದು ಸಣ್ಣ ದವಾಖಾನೆಯ ಸುತ್ತ ಕೆಲವರು ಸೇರಿ, ನಡೆಯಲಾರದ ಹಿರಿಯರ ಮನೆಗಳಿಗೆ ಹೋಗಿಬರುವ ಕೆಲಸ ಹಚ್ಚಿಕೊಂಡಿದ್ದಾರೆ. ಮೈ ಒರೆಸುವುದು, ಔಷಧ ನೋಡುವುದು, ಪೆನ್ಶನ್ ತರಲು ಜೊತೆಗೆ ಹೋಗುವುದು, ಸುಮ್ಮನೆ ಕೂತು ಮಾತಾಡುವುದು, ಏನು ಬೇಕೋ ಅದು. ನಿವೃತ್ತರಾದ ನರ್ಸಬಾಯಿಯೊಬ್ಬರು ನಡೆಸುತ್ತಾರೆ. "ಅಲ್ಲೇ ನೆಲಮಟ್ಟದ ಮನಿ ಸಿಕ್ಕರ ಒಂದಿಷ್ಟು ದಿನ ಇದ್ದು ನೋಡ್ರಿ. ಆಮ್ಯಾಲ ಪುಣೆ ಇದ್ದೇ ಅದ," ಎಂದರು. ವಸಂತ ಮುಖ ಸೊಟ್ಟ ಮಾಡಿದ. ಕೊನೆಗೆ, "ಆತು, ನಾ ಮತ್ತ ಬಂದು ನೋಡ್ತೇನಿ. ನೀವಿಬ್ಬರೂ ಅಲ್ಲಿ ನಿಭಾಯಿಸಿದರ ಇರ್ರಿ. ಇಲ್ಲಾಂದ್ರ ಮಾತಿಲ್ಲ, ದಾದಾ ನನ್ನ ಕೂಡ ಬರಬೇಕು," ಎಂದ. ಜಾಗವನ್ನು ಮಾತ್ರ ಬಿಡಲಿಲ್ಲ.

ಕಮಲಾಪುರದಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿತು. ಎದುರಿಗೆ ಮಹಬೂಬಸಾಬ್ ಎಂಬ ದರ್ಜಿಯ ಅಂಗಡಿ. ನರ್ಸಬಾಯಿ ನೀಲಮ್ಮ ಮನೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ನಮಗೆ ಎಷ್ಟು ಸಹಾಯ ಬೇಕೆಂದು ನೋಡಿ ಗೊತ್ತುಮಾಡುವುದಿತ್ತು.

ಆ ಮುಂಜಾನೆ ನಾವಿಬ್ಬರೂ ಮಾಡಿದ್ದನ್ನು ನೆನೆದರೆ ನಗು ಬರುತ್ತದೆ, ಮೈ ಮುದುಡಿಕೊಳ್ಳುತ್ತದೆ. ಮನೆಗೆ ಮಂದಿ ಬರುತ್ತಾರೆ. ಬಂದವರ ಮುಂದೆ ಚಂದಾಗಿರಬೇಕು. ಅಕ್ಕ ನೆಲ ಒರೆಸಿದಳು. ನನ್ನ ಹಾಸಿಗೆ ಸುತ್ತಿ ಒಳಗೆ ಒಯ್ದಳು. ಉಚ್ಚೆ ಪಾತ್ರೆಯನ್ನು ಬಚ್ಚಲ ಬಾಗಿಲ ಹಿಂದೆ ಮುಚ್ಚಿಟ್ಟಳು. ಇಸ್ತ್ರಿಯ ಧೋತರ ಉಡಿಸಿ, ಕೋಟು ತೊಡಿಸಿದಳು. ನಾನೂ ಕಡಿಮೆಯೇನಲ್ಲ. ಅವರು ಬರುವ ಹೊತ್ತಿಗೆ ಸರಿಯಾಗಿ ಮೈ ಬಿಚ್ಚಿರಲೆಂದು ಗುಳಿಗೆಯ ವೇಳೆಯನ್ನು ಹಿಂದಕ್ಕೆ ಸರಿಸಿದೆ.

ನೀಲಮ್ಮ ಬಂದಾಗ ನಾನೇ ಎದ್ದು ಬಾಗಿಲ ತನಕ ಹೋಗಿ ಕರೆದುತಂದೆ. ಅಕ್ಕ ಚುರುಮುರಿಯ ಸುಸಲಾ, ಚಹಾ ತಂದಿಟ್ಟಳು.

"ಹ್ಯಾಂಗದೀರಿ ಸರ್?"

"ಆರಾಮ ಅದೀನ್ರಿ."

"ಅಮ್ಮಾರ, ನೀವ್ರಿ?"

"ಆರಾಮ. ನಮಗೇನಾಗ್ಯದ್ರಿ? ತಿನ್ರಿ, ಸುಸಲಾ ಆರ್ತದ."

ಬಚ್ಚಲಿಗೆ ಹೋಗಿಬರುವುದು ಹೇಗೆ? ಏನೂ ತ್ರಾಸಿಲ್ಲ. ಸ್ನಾನ? ತಾನೇ ಮಾಡ್ತಾನ್ರಿ. ಬಿದ್ದದ್ದು? ಅದು ಕಲಬುರಗಿ ಮೆಟ್ಟಿಲದ ತಪ್ಪು. ನೀಲಮ್ಮ ನಮ್ಮಿಬ್ಬರನ್ನೂ ನೋಡಿದರು. ಸುಸಲಾ ಚಲೋ ಆಗಿದೆಯೆಂದರು. ತಿಂಗಳಿಗೊಮ್ಮೆ ಬಂದುಹೋಗುತ್ತೇವೆ, ಹೆಚ್ಚು ತ್ರಾಸಿರುವ ಮನೆಗಳು ಬೇಕಾದಷ್ಟಿವೆ ಎಂದು ಹೇಳಿ ಹೋದರು. ಅವರು ಹೋದ ಮೇಲೆ ಅಕ್ಕನ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಕಳೆ ಇತ್ತು. ನನ್ನ ದಿನಚರಿಯಲ್ಲಿ ಆ ದಿನದ ಕೆಳಗೆ 'ಭೇಟಿ ಉತ್ತಮವಾಯಿತು' ಎಂದಿದೆ.

ಆಮೇಲಿನ ದಿನಗಳಲ್ಲಿ ಹೊಸದೊಂದು ಶುರುವಾಯಿತು. ನಡೆಯುತ್ತ ನಡೆಯುತ್ತ ಬಾಗಿಲ ಹತ್ತಿರ ಬಂದೊಡನೆ ಕಾಲು ನಿಂತುಬಿಡುವುದು. ನೋವಿಲ್ಲ, ಸೋಲಿಲ್ಲ. ನೆಲವೇ ಎರಡೂ ಅಂಗಾಲು ಹಿಡಿದುಕೊಂಡಂತೆ. ಮೈ ಮಾತ್ರ ಮುಂದೆ ಹೋಗಲು ಹವಣಿಸುತ್ತದೆ. ಒಳಗೆ ಕುದುರೆ ಓಡುತ್ತಿರುತ್ತದೆ, ಹೊರಗೆ ಗೂಟ. ಅದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ಅನುಭವಿಸಿದವರಿಗೆ ಹೇಳುವ ಅಗತ್ಯವಿಲ್ಲ.

ಒಂದು ಮಧ್ಯಾಹ್ನ ಬಚ್ಚಲ ಬಾಗಿಲಲ್ಲಿ ಹಾಗೆ ನಿಂತೆ. ಅಕ್ಕ ಹಿಂದಿನಿಂದ ನೂಕಿದಳು. ಆಗಲಿಲ್ಲ. ಮುಂದೆ ಬಂದು ಎರಡೂ ಕೈ ಹಿಡಿದು ಜಗ್ಗಿದಳು. ನನ್ನ ಮೈ ಬಂತು, ಕಾಲು ಬರಲಿಲ್ಲ. ಇಬ್ಬರೂ ಬಿದ್ದೆವು, ಅವಳು ಕೆಳಗೆ, ನಾನು ಅವಳ ಮೇಲೆ. ಏಳಲು ಇಬ್ಬರಿಗೂ ಆಗಲಿಲ್ಲ. ಬಚ್ಚಲಿಗೆ ಹೊರಟ ಕೆಲಸ ಅಲ್ಲೇ ಆಗಿಹೋಯಿತು.

"ಕೂಗು," ಎಂದಳು ಅಕ್ಕ.

ಈ ಬೇನೆ ದನಿಯನ್ನೂ ಸಣ್ಣದು ಮಾಡುತ್ತದೆ. ನಾನು ಕೂಗಿದರೆ ಕೋಣೆಯ ಆಚೆ ಹೋಗದು. "ನೀನೇ ಕೂಗು," ಎಂದೆ.

"ಏನಂತ ಕೂಗಲಿ? ಈ ಅವತಾರದಾಗ ಯಾರರ ಬಂದು ನೋಡ್ಲೇನು?"

ನಾವು ಎಷ್ಟು ಹೊತ್ತು ಹಾಗೆ ಬಿದ್ದಿದ್ದೆವೆಂದು ಹೇಳಲಾರೆ. ಒಂದು ಹಂತದಲ್ಲಿ ಅಕ್ಕ ನಕ್ಕಳೆಂದು ನನಗೆ ನೆನಪು. ತಾನು ಅಳುತ್ತಿದ್ದೆ ಎನ್ನುತ್ತಾಳೆ ಅವಳು. ಅವಳ ಎದೆ ನನ್ನ ಕೆಳಗೆ ಅಲುಗುತ್ತಿತ್ತು ಎಂಬುದಷ್ಟು ಖರೆ. ಕೊನೆಗೆ ಕೈಗೆ ಸಿಕ್ಕ ತಂಬಿಗೆಯನ್ನು ಅವಳು ಗೋಡೆಗೆ ಬಡಿಯತೊಡಗಿದಳು. ಮಹಬೂಬಸಾಬ್ ಹೊಲಿಗೆ ಯಂತ್ರ ನಿಲ್ಲಿಸಿದ್ದು ಕೇಳಿಸಿತು.

ಅವರು ಒಳಗೆ ಬಂದು ಏನೂ ಕಂಡಿಲ್ಲದವರಂತೆ ಮೊದಲು ಮುಖ ತಿರುಗಿಸಿ, "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ನಾ ನೋಡಾಕತ್ತಿಲ್ಲ," ಎಂದರು. ನೋಡದೆಯೇ ನನ್ನನ್ನು ಎತ್ತಿ ಗೋಡೆಗೆ ಒರಗಿಸಿದರು. ಆಮೇಲೆ ತಮ್ಮ ಮಗಳನ್ನು ನೀಲಮ್ಮನ ಮನೆಗೆ ಓಡಿಸಿದರು.

ನೀಲಮ್ಮ ಬಂದರು. ಅಕ್ಕನ ಮೊಣಕೈ ನೋಡಿದರು, ನನ್ನ ಮೈ ತೊಳೆದರು. ಎಲ್ಲ ಮುಗಿದ ಮೇಲೆ ಕೂತು ಅಕ್ಕನನ್ನು ಕೇಳಿದರು.

"ಅಮ್ಮಾರ, ಅವತ್ತ ನಾ ಏನು ಬೀಗರಂತ ಬಂದಿದ್ದೆನೇನ್ರಿ?"

ಅಕ್ಕ ಸೆರಗಿನಿಂದ ಮೊಣಕೈ ಮುಚ್ಚಿಕೊಂಡಳು.

"ಕೋಟು ಹಾಕಿಸಿ ಕುಂದ್ರಿಸಿದ್ರಿ, ಹೆಣ್ಣು ನೋಡಲಿಕ್ಕೆ ಬಂದವರ ಮುಂದ ಕುಂದ್ರಿಸಿದಂಗ. ಸರ್, ನೀವೂ. ಗುಳಿಗಿ ಯಾವಾಗ ತಗೊಂಡಿದ್ರಿ ಅವತ್ತು?"

ನಾನು ಹೇಳಿದೆ.

"ಹೌದ್ರಿ ಮತ್ತ. ಗುಳಿಗಿ ಎದ್ದು ಬಂದು ನನ್ನ ಮಾತಾಡಿಸಿ ಕಳಿಸ್ತು. ನಿಮ್ಮನ್ನ ನಾ ನೋಡೇ ಇಲ್ಲ."

ಮಾತು ಕಟುವಾಗಿತ್ತು, ದನಿ ಕಟುವಾಗಿರಲಿಲ್ಲ. ಅವರು ಹೋಗುವ ಪ್ರತಿ ಮನೆಯಲ್ಲೂ ಹೀಗೇ ಅಂತೆ. ಉಸಿರು ಹಿಡಿಯಲಾಗದವರು ಚಹಾ ಮಾಡಲು ಏಳುತ್ತಾರೆ. ಅನ್ನ ಬೇಯಿಸಿ ವಾರವಾದವರು ಊಟಕ್ಕೆ ಇರಿ ಎನ್ನುತ್ತಾರೆ. "ನಮ್ಮ ಮಂದಿ ಸಾಯಾಕ ಬಿದ್ದರೂ ಆರಾಮ ಅಂತಾರ್ರಿ," ಎಂದರು. ಮರುದಿನದಿಂದ ಅವರ ಬರುವಿಕೆಗೆ ಹೊತ್ತುಗೊತ್ತು ಇಲ್ಲದಾಯಿತು. ಹೇಳದೆ ಬರುತ್ತಿದ್ದರು, ನನ್ನ ಮೋಡದ ಹೊತ್ತಿಗೇ ಬರುತ್ತಿದ್ದರು. ಚಹಾ ಕುಡಿಯುತ್ತಿರಲಿಲ್ಲ. ಲಿಂಗಪೂಜೆಯಾಗದೆ ಅವರು ಬಾಯಿಗೆ ನೀರು ಹಾಕುವುದಿಲ್ಲ, ಅಕ್ಕ ಮಡಿಯಲ್ಲಿರುವಾಗ ಬೇರೆಯವರನ್ನು ಅಡುಗೆಮನೆಗೆ ಬಿಡುವುದಿಲ್ಲ. ಒಬ್ಬರ ಕಟ್ಟಳೆ ಇನ್ನೊಬ್ಬರಿಗೆ ಅರ್ಥವಾಗಿತ್ತು. ನೀಲಮ್ಮ ಪಡಸಾಲೆಯಲ್ಲಿ ಕೂತು ಕಾಯಿಪಲ್ಲೆ ಹೆಚ್ಚಿಡುತ್ತಿದ್ದರು. ಹಸಿಯದಕ್ಕೆ ಮೈಲಿಗೆ ಇಲ್ಲವೆಂದು ಅಕ್ಕ ತೊಳೆದು ಒಳಗೆ ಒಯ್ಯುತ್ತಿದ್ದಳು.

ಕಾಲು ನಿಲ್ಲುವುದಕ್ಕೆ ನೀಲಮ್ಮ ಒಂದು ಉಪಾಯ ಹೇಳಿದರು. ಕಣ್ಣಿಗೆ ದಾಟುವಂಥದ್ದು ಏನಾದರೂ ಕಂಡರೆ ಕಾಲು ಏಳುತ್ತದೆ, ನೆಲದ ಮೇಲೆ ಅಡ್ಡ ಗೆರೆ ಹೊಡೆಯಿರಿ. ಮಹಬೂಬಸಾಬ್ ತಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟರು. ಅಕ್ಕ ಗೆರೆ ಹೊಡೆದಳು. ನಾನು ನಿಂತೆ. ಗೆರೆಯನ್ನು ನೋಡಿದೆ. ಕಾಲು ಅದರ ಮೇಲೇ ಊರಿತು, ಅಲ್ಲೇ ನಿಂತಿತು. ಒಂದೆರಡು ದಿನ ಹೀಗೇ ಆಯಿತು. ನೀಲಮ್ಮ, "ಎಲ್ಲರಿಗೂ ಹತ್ತೂದಿಲ್ಲ ಅದು," ಎಂದರು.

ಮೂರನೆಯ ದಿನವೋ, ಅದರ ಮರುದಿನವೋ, ಅಕ್ಕ ಗೆರೆ ಹೊಡೆಯಹೋದಾಗ ಸೀಮೆಸುಣ್ಣ ತೀರಿತ್ತು. ನನಗೆ ಬಚ್ಚಲಿಗೆ ಅವಸರವಿತ್ತು. ಅವಳು ಒಳಗೆ ಹೋಗಿ ದೇವರ ಮುಂದೆ ಹಾಕುವ ರಂಗೋಲಿಯ ಬಟ್ಟಲು ತಂದಳು. ನಡುವೆ ನಿಂತಳು. ದೇವರ ರಂಗೋಲಿ ಬಚ್ಚಲಿಗೆ ಹ್ಯಾಂಗ ಹಾಕೂದು? ಅದಲ್ಲದೆ, ಗಂಡ ಹೋದ ಮೇಲೆ ಅವಳು ಬಾಗಿಲಿಗೆ ರಂಗೋಲಿ ಇಟ್ಟವಳಲ್ಲ. ನಮ್ಮಲ್ಲಿ ಅದು ಮುತ್ತೈದೆಯರ ಕೆಲಸ. ದೇವರ ಮುಂದಿನದನ್ನಷ್ಟೇ ಉಳಿಸಿಕೊಂಡಿದ್ದಳು. ಬಟ್ಟಲು ಹಿಡಿದು ನಿಂತವಳ ಮುಖವನ್ನು ನಾನು ನೋಡಿದೆ. "ಅಕ್ಕಾ, ತಡೀಲಿಕ್ಕಾಗವಲ್ದು," ಎಂದೆ.

ಅವಳು ಬಾಗಿ ಹೊಸ್ತಿಲ ಈಚೆ ಒಂದು ಎಳೆ ಎಳೆದಳು, ಆಚೆ ಒಂದು. ಕೈ ರೂಢಿಗೆ ಸುಮ್ಮನಿರದೆ ಎರಡೂ ತುದಿಗೆ ಒಂದೊಂದು ಸಣ್ಣ ಹೂ ಬರೆಯಿತು.

ನನ್ನ ಕಾಲು ಎದ್ದಿತು. ನಾನು ಎತ್ತಲಿಲ್ಲ, ತಾನೇ ಎದ್ದಿತು. ಎಳೆಯನ್ನು ದಾಟಿ ಆಚೆ ಇಳಿಯಿತು, ಎರಡನೆಯದೂ ಅದರ ಹಿಂದೆ. ಅಕ್ಕ ಬಾಗಿದ್ದವಳು ಬಾಗಿಯೇ ಉಳಿದಳು.

ಏಕೆ ಹಾಗಾಯಿತೆಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ನಡೆಯಲು ಕಲಿತ ದಿನದಿಂದ ರಂಗೋಲಿ ತುಳಿಯಬೇಡ ಎಂದು ಬೈಸಿಕೊಂಡ ಕಾಲು ಅದು. ತುಳಿದದ್ದಕ್ಕೆ ಇದೇ ಅಕ್ಕನ ಕೈಯಿಂದ ಹೊಡೆತ ತಿಂದದ್ದೂ ಉಂಟು ಎಂದು ನನಗೆ ಅನಿಸುತ್ತದೆ. ಅವಳು ಒಪ್ಪುವುದಿಲ್ಲ. ಸುಣ್ಣದ ಗೆರೆ ಬರಿ ಗೆರೆ. ಅದನ್ನು ತುಳಿಯಬಾರದೆಂದು ನನ್ನ ಕಾಲಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದು ನನ್ನ ಊಹೆ. ವೈದ್ಯರು ಕೇಳಿ ತಲೆಯಾಡಿಸಿದರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪ್ರತಿ ಸಲ ಅದು ನಡೆಯುವುದೂ ಇಲ್ಲ. ಸುಸ್ತಾದ ದಿನ ರಂಗೋಲಿಯೂ ಸೋಲುತ್ತದೆ. ಆದರೆ ಗೆದ್ದ ದಿನಗಳೇ ಹೆಚ್ಚು.

ಅಕ್ಕ ತೆಂಗಿನ ಚಿಪ್ಪಿನಲ್ಲಿ ಬೇರೆ ಪುಡಿ ಇಟ್ಟಳು, ದೇವರದಕ್ಕೆ ಸೋಂಕದಂತೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಪಡಸಾಲೆಗೆ ಎಳೆಗಳು ಬಂದವು. ಬೆಳಿಗ್ಗೆ ನೀಲಮ್ಮನ ಗುಂಪಿನ ಒಬ್ಬರು ಬಂದು ಅವಳಿಗೆ ಬಾಗಲು ಆಗದ ಕಡೆ ತಾವೇ ಎಳೆಯುತ್ತಿದ್ದರು. ನನ್ನ ಸ್ನಾನದ ಕೆಲಸವೂ ಅವರದೇ. ಮಹಬೂಬಸಾಬ್ ನನ್ನ ಅಂಗಿಗಳ ಗುಂಡಿ ಕಿತ್ತು, ಒತ್ತಿದರೆ ಕೂಡುವ ಟಿಚ್ ಬಟನ್ ಹಚ್ಚಿಕೊಟ್ಟರು. ಮಧ್ಯಾಹ್ನ ನಮಾಜಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಿಟಕಿಯಲ್ಲಿ ಇಣುಕಿ, "ಪ್ರೊಫೆಸರ್ ಸಾಬ್, ನಿಂತೀರೋ ಕುಂತೀರೋ?" ಎನ್ನುತ್ತಿದ್ದರು. "ನಿಂತೀನಿ" ಎಂದರೆ ಒಳಗೆ ಬರಬೇಕು ಎಂದು ಗೊತ್ತಾಗಿತ್ತು.

ಅಷ್ಟರಲ್ಲಿ ವಸಂತ ಬರುವ ಸುದ್ದಿ ಬಂತು.

ಆ ವಾರ ನನಗೆ ಎಲ್ಲೂ ಮನಸ್ಸು ನಿಲ್ಲಲಿಲ್ಲ. ಅವನು ಒಂದೇ ದಿನ ಇರುತ್ತಾನೆ. ಆ ಒಂದು ದಿನದಲ್ಲಿ ಯಾವ ಹೊತ್ತಿನ ನನ್ನನ್ನು ನೋಡುತ್ತಾನೆ? ಬಿಸಿಲಿನವನನ್ನು ನೋಡಿದರೆ ಬಿಟ್ಟುಹೋಗುತ್ತಾನೆ. ಮೋಡದವನನ್ನು ನೋಡಿದರೆ ಕರೆದೊಯ್ಯುತ್ತಾನೆ. ಅಕ್ಕನೂ ಅದನ್ನೇ ಯೋಚಿಸುತ್ತಿದ್ದಳೆಂದು ಅವಳು ಮೂರು ಸಲ ಒಂದೇ ಪಾತ್ರೆ ತೊಳೆದದ್ದರಿಂದ ತಿಳಿಯಿತು. ನೀಲಮ್ಮನಿಗೆ ಹೇಳಿದೆ.

"ಗುಳಿಗಿ ಹಿಂದ ಮುಂದ ಮಾಡಬ್ಯಾಡ್ರಿ ಸರ್. ಅವರು ಹೋದ ಮರುದಿನ ನೀವು ಬಿದ್ದರ, ಅವರಿಗೆ ನಮ್ಮ ಮ್ಯಾಲೂ ವಿಶ್ವಾಸ ಇರೂದಿಲ್ಲ, ನಿಮ್ಮ ಮ್ಯಾಲೂ ಇರೂದಿಲ್ಲ. ಇದ್ದದ್ದು ನೋಡಿ ಹೋಗಲಿ."

"ಇದ್ದದ್ದು ನೋಡಿ ನನ್ನನ್ನ ಒಯ್ದರ?"

"ಒಯ್ತಾರ," ಎಂದರು ನೀಲಮ್ಮ. "ಅದಕ್ಕ ನಾ ಏನು ಹೇಳ್ಲಿ?"

ಅವನು ಬರುವ ಮುಂಜಾನೆ ಅಕ್ಕ ವೇಳೆಗಿಂತ ಮೊದಲೇ ಗುಳಿಗೆ, ನೀರು ತಂದು ಮುಂದೆ ಹಿಡಿದಳು. ನಾನು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತೆ. ಅದನ್ನು ತಿರುಗಿ ಬಟ್ಟಲಲ್ಲಿ ಹಾಕಿದವನು ನಾನೇ ಎಂದು ನನ್ನ ನೆನಪು. ಕೈ ನಡುಗಿ ಬಿದ್ದು ಉರುಳಿಹೋಯಿತು, ಹುಡುಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು ಎಂದು ಅಕ್ಕ. ದಿನಚರಿಯಲ್ಲಿ ಆ ಪುಟ ಖಾಲಿಯಿದೆ. ನನ್ನ ಧೈರ್ಯದ ಬಗ್ಗೆ ನನಗೇ ಸಾಕ್ಷಿ ಇಲ್ಲದ್ದರಿಂದ ಅಕ್ಕನ ಮಾತನ್ನೂ ಇಲ್ಲಿ ಬರೆಸುತ್ತಿದ್ದೇನೆ.

ವಸಂತ ಒಳಗೆ ಬಂದಾಗ, ಅವನಿಗಿಂತ ಮೊದಲೇ ಬಂದಿದ್ದ ನೀಲಮ್ಮ ನನ್ನ ಬಾಯಿಯ ಜೊಲ್ಲು ಒರೆಸುತ್ತಿದ್ದರು. ನಾನು ನಗಲು ನೋಡಿದೆ. ಈ ಬೇನೆಯಲ್ಲಿ ಮುಖವೂ ಬಿಗಿಯುತ್ತದೆ. ನಗು ಒಳಗೇ ಉಳಿಯಿತು. ಅವನು ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತ.

"ದಾದಾ, ನೀ ಹಿಂಗಾಗೀದಿ ಅಂತ ಯಾಕ ತಿಳಸಲಿಲ್ಲ?"

"ದಿನಾ ಮುಂಜಾನೆ ಹಿಂಗೇ ಇರ್ತಾರ್ರಿ," ಎಂದರು ನೀಲಮ್ಮ. "ಇನ್ನ ಸ್ವಲ್ಪ ಹೊತ್ತಿಗೆ ಆರಾಮ ಆಗ್ತಾರ."

"ನೀವು ಯಾರ್ರಿ?"

ನೀಲಮ್ಮ ಹೇಳಿದರು. ಅವನು ಕೇಳಿಸಿಕೊಳ್ಳಲಿಲ್ಲ. ಮಂಚದ ಕೆಳಗಿನ ಪಾತ್ರೆ, ನೆಲದ ತುಂಬ ಬಿಳಿ ಎಳೆಗಳು, ಅಕ್ಕನ ಮೊಣಕೈಯ ಕಲೆ, ಎಲ್ಲವನ್ನೂ ಒಂದೊಂದಾಗಿ ನೋಡಿದ. "ಮಾತಿಲ್ಲ. ನಾಳಿನ ಗಾಡಿಗೆ ಹೋಗೂಣು," ಎಂದ. ಇದ್ದದ್ದನ್ನು ತೋರಿಸಿದ್ದರ ಫಲ ಇದೆಂದು ನನಗೆ ನೀಲಮ್ಮನ ಮೇಲೆ ಸಿಟ್ಟು ಬಂತು.

ನನ್ನನ್ನು ಪಡಸಾಲೆಗೆ ತಾನೇ ಕರೆದೊಯ್ಯುತ್ತೇನೆಂದು ಅವನು ಕೈ ಹಿಡಿದ. ಬಾಗಿಲಲ್ಲಿ ಕಾಲು ನಿಂತಿತು. ಅವನು ಜಗ್ಗಿದ.

"ಜಗ್ಗಬ್ಯಾಡ," ಎಂದಳು ಅಕ್ಕ.

"ಅಕ್ಕಾ, ನೀ ಸರಿ, ಬೀಳ್ತಾನವ."

"ವಸಂತ್ಯಾ, ಕೈ ಬಿಡು ಅಂದೆ."

ಚಿಕ್ಕಂದಿನ ದನಿ ಅದು. ಅವನು ಬಿಟ್ಟ. ಆ ಬಾಗಿಲ ಎಳೆಯನ್ನು ಅವನು ಬಿಚ್ಚಲು ಮರೆತ ಬೂಟೇ ಅಳಿಸಿತ್ತು. ಅಕ್ಕ ಗೋಡೆ ಹಿಡಿದು ಬಾಗಿ, ಚಿಪ್ಪಿನಿಂದ ಚಿಟಿಕೆ ಪುಡಿ ತೆಗೆದು ಹೊಸ ಎಳೆ ಎಳೆದಳು. ಏಳಲಾಗದೆ ಅಲ್ಲೇ ಕೂತಳು. ನಾನು ನಿಂತೇ ಇದ್ದೆ. ಕಾಲು ಈ ಸಲ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗತೊಡಗಿದಾಗ ಎಡಗಾಲು ಎದ್ದು ಅವಳ ಕೈಯ ಪಕ್ಕದಲ್ಲಿ ಆಚೆ ಇಳಿಯಿತು.

ವಸಂತ ಅದನ್ನು ನೋಡಿ ಬೆರಗಾಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. "ಇದು ಎಷ್ಟು ದಿನ ಅಕ್ಕಾ? ನಾಳೆ ನಿನಗ ಬಾಗಲಿಕ್ಕಾಗದಿದ್ದರ?"

"ಈಗೇ ಆಗವಲ್ದು. ಇವರು ಎಳೀತಾರ," ಎಂದು ನೀಲಮ್ಮನ ಕಡೆ ತೋರಿಸಿದಳು. "ನಾ ಬಿದ್ದರ ಇವ ಎದುರಿನವರಿಗೆ ಹೇಳ್ತಾನ. ಇವ ನಿಂತರ ನಾ ಹೇಳ್ತೇನಿ. ನಿನ್ನ ಆಶ್ರಮದಾಗ ಇವಗ ನರ್ಸ್ ಸಿಗಬಹುದು. ನನಗ ನಿನ್ನ ಮನ್ಯಾಗ ಏನು ಕೆಲಸ ಕೊಡ್ತೀ ಹೇಳು. ಟಿವಿ ನೋಡೂದು?"

"ಹಂಗಲ್ಲ ಅಕ್ಕಾ—"

"ಮತ್ತ ಹ್ಯಾಂಗ?"

ಅವನು ನೀಲಮ್ಮನ ಕಡೆ ತಿರುಗಿದ. "ಇವರು ಮತ್ತ ಬೀಳೂದಿಲ್ಲಂತ ನೀವು ಹೇಳ್ತೀರೇನ್ರಿ?"

"ಇಲ್ಲರಿ. ಬೀಳ್ತಾರ. ಬಿದ್ದರ ಯಾರು ಬರ್ತಾರ ಅಷ್ಟ ಹೇಳಬಲ್ಲೆ," ಎಂದರು ಅವರು. ಆ ಹೊತ್ತಿಗೆ ಕಿಟಕಿಯಲ್ಲಿ, ಅಂಗಡಿ ತೆಗೆಯಲು ಬಂದಿದ್ದ ಮಹಬೂಬಸಾಬರ ಟೊಪ್ಪಿಗೆ ಕಾಣಿಸಿತು. ಹೊಸಬನನ್ನು ನೋಡಿ ಅವರು ಎಂದಿನ ಪ್ರಶ್ನೆ ಕೇಳದೆ, "ಬೀಗರು ಬಂದಾರೇನ್ರಿ?" ಎಂದರು. "ತಮ್ಮ," ಎಂದೆ. "ಹಂಗಂದ್ರ ಬ್ಯಾರೆ ಮಾತು," ಎಂದು ಒಳಗೇ ಬಂದು ಕೂತು, ನನ್ನ ಅಂಗಿಯ ಟಿಚ್ ಬಟನ್ ಹೇಗೆ ಹಾಕುವುದೆಂದು ವಸಂತನಿಗೆ ಕಲಿಸತೊಡಗಿದರು.

ಮರುದಿನದ ಗಾಡಿಗೆ ಅವನೊಬ್ಬನೇ ಹೋದ. ಆದರೆ ಒಪ್ಪಿ ಹೋದನೆಂದು ತಿಳಿಯಬೇಡಿ. "ದೀಪಾವಳಿ ತನಕ ನೋಡೂಣು. ಅಲ್ಲಿ ಜಾಗ ಇಟ್ಟಿರ್ತೇನಿ," ಎಂದಿದ್ದ. ದೀಪಾವಳಿಗೆ ಫೋನಿನಲ್ಲಿ ಸಂಕ್ರಾಂತಿ ತನಕ ಎಂದ. ಸಂಕ್ರಾಂತಿಗೆ ಯುಗಾದಿ. ಹೀಗೆ ಹಬ್ಬದಿಂದ ಹಬ್ಬ. ಹಬ್ಬ ಹತ್ತಿರ ಬಂತೆಂದರೆ ನನಗೆ ನಿದ್ದೆ ಹಾರುತ್ತದೆ, ಕೈ ಹೆಚ್ಚು ಆಡುತ್ತದೆ. ಹೋಳಿಗೆಯ ವಾಸನೆ ಬಂದರೆ ನನಗೆ ರೈಲಿನ ನೆನಪು. ನಡುವೆ ಎರಡು ಸಲ ಬಿದ್ದಿದ್ದೇನೆ, ಅಕ್ಕ ಒಂದು ಸಲ. ಯಾರಾದರೂ ಬಂದರು. ಬೇನೆ ಮುಂದುವರಿದಿದೆ. ಬಿಸಿಲಿನ ಹೊತ್ತು ಕಿರಿದಾಗುತ್ತಿದೆ. ಇದನ್ನೆಲ್ಲ ನಾನು ಹೇಳಿದಂತೆ ಬರೆದುಕೊಳ್ಳುತ್ತಿರುವವರೂ ನೀಲಮ್ಮನ ಗುಂಪಿನವರೇ.

ಇದೇ ವಾರ ಎಸ್‌ಟಿಡಿ ಬೂತಿನಲ್ಲಿ ವಸಂತನ ಜೊತೆ ಮಾತಾಡಿದೆ. ಅವನಿಗೂ ಮೊಣಕಾಲು ನೋವಂತೆ, ಲಿಫ್ಟ್ ಕೆಟ್ಟಿದೆಯಂತೆ. ಬಹಳ ಹೊತ್ತು ಅದನ್ನೇ ಹೇಳಿದ. ನಾನು ಮುಂದಿನ ಮಾತಿಗೆ ಕಾದೆ. ಆತು ದಾದಾ, ಇಡ್ತೇನಿ ಎಂದು ಇಟ್ಟುಬಿಟ್ಟ.

ಅಕ್ಕ ಹೊರಗಿನ ಕಲ್ಲಿನ ಮೇಲೆ ಕೂತಿದ್ದಳು. "ಯಾವ ಹಬ್ಬ ಅಂದ?"

"ಹೇಳಲಿಲ್ಲ."

"ಮರತನೇನು?"

"ಗೊತ್ತಿಲ್ಲ. ಮತ್ತ ಹಚ್ಚಿ ಕೇಳ್ಲೇನು?"

ಅವಳು ನನ್ನನ್ನು ನೋಡಿದಳು. "ನಿನಗ ಬುದ್ಧಿ ಯಾವಾಗ ಬರ್ತದ? ಸುಮ್ಮ ನಡಿ. ಇವತ್ತ ಸಂತಿ, ತಡಾ ಆದರ ಕೆಂಪು ಬಾಳಿಹಣ್ಣು ಚಲೋವು ಹೋಗಿಬಿಡ್ತಾವ."